ಕುಸಿಯುತ್ತಿದ್ದ ಕಮಾನು, ಸರಿಹೋದ ಲೆಕ್ಕ

1906ರಲ್ಲಿ ಫ್ರೆಂಚ್ ಸರ್ಕಾರ ಕಾಂಕ್ರೀಟ್ ಕಟ್ಟಡಗಳಿಗೆ ನಿಯಮಾವಳಿ ಹೊರಡಿಸಿತು. ಇಷ್ಟು ಭಾರ ಹೇರಿದರೆ ಕಾಂಕ್ರೀಟ್ ಇಷ್ಟು ಕುಗ್ಗುತ್ತದೆ, ಅಲ್ಲಿಗೇ ನಿಲ್ಲುತ್ತದೆ ಎಂಬುದು ಅದರ ನಂಬಿಕೆ. ಭಾರ ಹೇರಿದ ದಿನ ಅಳೆದರೂ ಒಂದು ವರ್ಷದ ಮೇಲೆ ಅಳೆದರೂ ಲೆಕ್ಕ ಒಂದೇ. ಪ್ಯಾರಿಸ್ಸಿನ ದೊಡ್ಡ ಎಂಜಿನಿಯರುಗಳು ಒಪ್ಪಿದ ಮಾತಾದ್ದರಿಂದ ಯಾರೂ ಎದುರಾಡಲಿಲ್ಲ. ಎದುರಾಡಿದ್ದು ಒಂದು ಸೇತುವೆ.

ಯೂಜೀನ್ ಫ್ರೆಯ್ಸಿನೆ ಆಗ ಮಧ್ಯ ಫ್ರಾನ್ಸಿನ ಮುಲಾಂ ಪಟ್ಟಣದಲ್ಲಿ ಸರ್ಕಾರಿ ಎಂಜಿನಿಯರು. ಹುಟ್ಟಿದ್ದು 1879ರಲ್ಲಿ, ಹಳ್ಳಿಗಾಡಿನಲ್ಲಿ. ಕಲಿತದ್ದು ದೇಶದ ಹೆಸರಾಂತ ಶಾಲೆಗಳಲ್ಲಾದರೂ ಕೈಕೆಲಸದವರ ಕಣ್ಣಳತೆಯ ಮೇಲೆ ಅವರಿಗೆ ನಂಬಿಕೆ ಹೆಚ್ಚು. ಅಲಿಯೇ ನದಿಗೆ ಮೂರು ಹೊಸ ಸೇತುವೆ ಬೇಕಿತ್ತು. ಲೆ ವರ್ದ್ರ್ ಎಂಬಲ್ಲಿನ ಒಂದೇ ಕಲ್ಲು ಸೇತುವೆಗೆ ಅಂದಾಜಾಗಿದ್ದ ಹಣದಲ್ಲಿ ಮೂರನ್ನೂ ಕಟ್ಟಿಕೊಡುತ್ತೇನೆಂದು ಮರ್ಸಿಯೇ ಎಂಬ ಗುತ್ತಿಗೆದಾರ ಮುಂದೆ ಬಂದ. ಷರತ್ತು ಒಂದೇ: ವಿನ್ಯಾಸ ಫ್ರೆಯ್ಸಿನೆಯದ್ದಾಗಬೇಕು. ಕೆಲಸದ ಮೇಲುಸ್ತುವಾರಿಯೂ ಅವರ ಪಾಲಿಗೇ ಬಂತು. ಇಂದಿನ ಯಾವ ಲೆಕ್ಕ ತಪಾಸಣೆಯವರೂ ಒಪ್ಪದ ಏರ್ಪಾಡು ಇದು.

ಲೆ ವರ್ದ್ರ್ ಸೇತುವೆಗೆ ಮೂರು ಕಮಾನು; ನಡುವಿನದರ ಹರವು 72.5 ಮೀಟರ್. ಎತ್ತರ ಹರವಿನ ಹದಿನೈದನೇ ಒಂದು ಪಾಲಿನಷ್ಟು ಮಾತ್ರ. ಇಷ್ಟು ಚಪ್ಪಟೆ ಕಮಾನಿನ ಕೆಳಗಿನ ಮರದ ಆಧಾರಗಟ್ಟನ್ನು ಇಳಿಸುವುದೇ ಅಪಾಯದ ಕೆಲಸ. ಫ್ರೆಯ್ಸಿನೆ ಅದನ್ನು ತಿರುಗಿಸಿ ಯೋಚಿಸಿದರು. ಕಮಾನಿನ ನೆತ್ತಿಯಲ್ಲಿ ಸಂದು ಬಿಟ್ಟು, ಅಲ್ಲಿ ಜಾಕ್‌ಗಳನ್ನಿಟ್ಟು, ಎರಡು ಅರೆಗಮಾನುಗಳನ್ನು ಆಚೀಚೆ ತಳ್ಳಿದರು. ಕಮಾನು ತಾನಾಗಿ ಮೇಲೆದ್ದು ಮರದ ಗಟ್ಟಿನಿಂದ ಬಿಡಿಸಿಕೊಂಡಿತು. ಸೇತುವೆ ಭಾರದ ಪರೀಕ್ಷೆಯಲ್ಲೂ ಪಾಸಾಯಿತು.

ಕೆಲವು ತಿಂಗಳು ಕಳೆಯುವಷ್ಟರಲ್ಲಿ, 1911ರ ಹೊತ್ತಿಗೆ, ನೆತ್ತಿ ಇಳಿಯತೊಡಗಿತ್ತು. ಬಿರುಕಿಲ್ಲ, ಪಾಯ ಜರುಗಿಲ್ಲ, ಹೊಸ ಭಾರವೂ ಬಿದ್ದಿಲ್ಲ. ಆದರೂ ಇಳಿತ ನಿಲ್ಲಲಿಲ್ಲ. ಕೊನೆಗೆ ಸುಮಾರು 13 ಸೆಂಟಿಮೀಟರ್‌ವರೆಗೆ ಹೋಯಿತು. ನಿಯಮಾವಳಿಯ ಪ್ರಕಾರ ಇದು ಆಗಲೇಬಾರದಿತ್ತು. ಚಪ್ಪಟೆ ಕಮಾನಿನಲ್ಲಿ ಅಪಾಯ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಕಾಂಕ್ರೀಟ್ ಉದ್ದದಲ್ಲಿ ಕೂದಲೆಳೆಯಷ್ಟು ಕುಗ್ಗಿದರೆ ನೆತ್ತಿ ಅದರ ಹಲವು ಪಟ್ಟು ಇಳಿಯುತ್ತದೆ. ನೆತ್ತಿ ಇಳಿದಷ್ಟೂ ಕಮಾನಿನೊಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದರೆ ಕಾಂಕ್ರೀಟ್ ಮತ್ತೂ ಕುಗ್ಗುತ್ತದೆ. ಕಡೆಗೊಂದು ದಿನ ಕಮಾನು ಕೆಳಮುಖವಾಗಿ ಮಗುಚಬೇಕು.

ಫ್ರೆಯ್ಸಿನೆ ಮೇಲಧಿಕಾರಿಗಳಿಗೆ ಪತ್ರ ಬರೆಯುತ್ತ ಕೂರಲಿಲ್ಲ. ರಾತ್ರಿಯೇ ಸೈಕಲ್ ಹತ್ತಿ ಮುಲಾಂನಿಂದ ಲೆ ವರ್ದ್ರ್‌ಗೆ ಹೋಗಿ ಮೇಸ್ತ್ರಿಯನ್ನೂ ಮೂವರು ನಂಬಿಕಸ್ಥ ಆಳುಗಳನ್ನೂ ಎಬ್ಬಿಸಿದರು. ಬೇಕಾದೀತೆಂದು ಜಾಕ್ ಕೂರಿಸುವ ಜಾಗವನ್ನು ಮೊದಲೇ ಉಳಿಸಿಕೊಂಡಿದ್ದರು. ಲೆವೆಲ್ ಯಂತ್ರದಲ್ಲಿ ಕಣ್ಣಿಟ್ಟು ನೋಡುವಷ್ಟು ಬೆಳಕು ಹರಿಯುತ್ತಲೇ ಮೂರೂ ಕಮಾನುಗಳನ್ನು ಒಟ್ಟೊಟ್ಟಿಗೆ ಎತ್ತತೊಡಗಿದರು. ಅಂದು ಸಂತೆಯ ದಿನ ಬೇರೆ. ಗಾಡಿಗಳಿಗೆ ದಾರಿ ಬಿಡಲು ಆಗಾಗ ಕೆಲಸ ನಿಲ್ಲಿಸಬೇಕಾಯಿತು. ಕಮಾನುಗಳು ತಮ್ಮ ಮಟ್ಟಕ್ಕೆ ಬಂದವು. ನೆತ್ತಿಯ ಸಂದಿಗೆ ಕಾಂಕ್ರೀಟ್ ತುಂಬಿ ಅಲ್ಲಿದ್ದ ಕೀಲನ್ನೇ ಇಲ್ಲವಾಗಿಸಿದರು. 1940ರಲ್ಲಿ ಯುದ್ಧ ಕೆಡವುವ ತನಕ ಸೇತುವೆ ಮತ್ತೆ ತಕರಾರು ಮಾಡಲಿಲ್ಲ.

ಸೇತುವೆಯೇನೋ ಉಳಿಯಿತು. ಭಾರದಡಿ ಕಾಂಕ್ರೀಟ್ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕುಗ್ಗುತ್ತಲೇ ಇರುತ್ತದೆ ಎಂಬ ಸಂಗತಿ ಮಾತ್ರ ಅವರನ್ನು ಬಿಡಲಿಲ್ಲ. ಎಂಜಿನಿಯರುಗಳು ಈಗ ಕ್ರೀಪ್ ಎನ್ನುವುದು ಇದನ್ನೇ. ಅಮೆರಿಕದ ಹ್ಯಾಟ್ 1907ರಲ್ಲೇ ಇದರ ಕುರುಹು ಕಂಡು ಪ್ರಕಟಿಸಿದ್ದರು. ಆದರೆ ಅದರಿಂದ ಹೊಸದೊಂದು ಕಟ್ಟುವ ವಿಧಾನವನ್ನೇ ಹೊರತೆಗೆದವರು ಫ್ರೆಯ್ಸಿನೆ, ನನ್ನ ಮಟ್ಟಿಗೆ ಆವಿಷ್ಕಾರ ಎಂದರೆ ಅದೇ.

ಏಕೆಂದರೆ ಬೇರೊಂದು ಒಗಟು ಕಾಯುತ್ತಿತ್ತು. ಕಾಂಕ್ರೀಟ್ ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಗಾಡಿ ಚಕ್ರಕ್ಕೆ ಕಾಯಿಸಿದ ಕಬ್ಬಿಣದ ಪಟ್ಟಿ ತೊಡಿಸಿ ಮರದ ತುಂಡುಗಳನ್ನು ಬಿಗಿಯುವ ಹಾಗೆ, ಉಕ್ಕನ್ನು ಎಳೆದು ಕಟ್ಟಿ ಕಾಂಕ್ರೀಟನ್ನು ಮೊದಲೇ ಒತ್ತಿಟ್ಟರೆ ಹೇಗೆ? ಈ ಯೋಚನೆ ಹತ್ತೊಂಬತ್ತನೇ ಶತಮಾನದ ಕೊನೆಗೇ ಬಂದಿತ್ತು. ಅಮೆರಿಕದ ಜಾಕ್ಸನ್, ಜರ್ಮನಿಯ ಡೋರಿಂಗ್ ಪೇಟೆಂಟನ್ನೂ ಪಡೆದಿದ್ದರು. ಆದರೆ ಸ್ವಲ್ಪ ಕಾಲದಲ್ಲೇ ಬಿಗಿ ಸಡಿಲವಾಗುತ್ತಿತ್ತು, ಕಾರಣ ಹೊಳೆಯುತ್ತಿರಲಿಲ್ಲ.

ಲೆ ವರ್ದ್ರ್ ಕಂಡವರಿಗೆ ಕಾರಣ ಎದುರಿಗೇ ಇತ್ತು. ಸಾಧಾರಣ ಉಕ್ಕನ್ನು ಸುರಕ್ಷಿತವಾಗಿ ಎಳೆದರೆ ಮೀಟರಿಗೆ ಮುಕ್ಕಾಲು ಮಿಲಿಮೀಟರ್‌ನಷ್ಟು ಹಿಗ್ಗೀತು. ಕಾಂಕ್ರೀಟ್ ಒಣಗಿ, ಭಾರಕ್ಕೆ ಬಸವಳಿದು ಕಾಲಕ್ರಮದಲ್ಲಿ ಕುಗ್ಗುವುದೂ ಹೆಚ್ಚು ಕಡಿಮೆ ಅಷ್ಟೇ. ಎಳೆದದ್ದೆಲ್ಲ ಕುಗ್ಗಿದ್ದಕ್ಕೆ ಜಮಾ! ಬದಲಿಗೆ ಗಟ್ಟಿ ಉಕ್ಕಿನ ತಂತಿಯನ್ನು ಮೀಟರಿಗೆ ಐದು ಮಿಲಿಮೀಟರ್ ಹಿಗ್ಗುವಷ್ಟು ಎಳೆದರೆ, ಮುಕ್ಕಾಲು ಮಿಲಿಮೀಟರ್ ಸೋರಿಹೋದರೂ ಬಿಗಿಯ ಬಹುಪಾಲು ಕೈಯಲ್ಲೇ ಉಳಿಯುತ್ತದೆ. ಇಷ್ಟು ಸರಳ ಗಣಿತಕ್ಕೆ ನಲವತ್ತು ವರ್ಷ ಹಿಡಿದದ್ದು, ಕಾಂಕ್ರೀಟ್ ಮೊದಲ ದಿನದ ಮೇಲೆ ಮತ್ತೆ ಕುಗ್ಗುವುದೇ ಇಲ್ಲವೆಂದು ಪುಸ್ತಕ ಹೇಳುತ್ತಿದ್ದದ್ದರಿಂದ.

1928ರ ಅಕ್ಟೋಬರ್ 2ರಂದು ಫ್ರೆಯ್ಸಿನೆ, ಸೇಯಾಯ್ ಎಂಬ ಸಹೋದ್ಯೋಗಿಯೊಂದಿಗೆ ಪೇಟೆಂಟ್ ಸಲ್ಲಿಸಿದರು. ಐವತ್ತರ ವಯಸ್ಸಿನಲ್ಲಿ ಭದ್ರವಾದ ನೌಕರಿ ಬಿಟ್ಟು, ಕೈಯಲ್ಲಿದ್ದ ಹಣವನ್ನೆಲ್ಲ ಮೊಂತಾರ್ಜಿಯಲ್ಲಿ ತೆಳುಗೋಡೆಯ ವಿದ್ಯುತ್ ಕಂಬ ಮಾಡುವ ಕಾರ್ಖಾನೆಗೆ ಸುರಿದರು. ಕಂಬಗಳು ಚೆನ್ನಾಗಿದ್ದವು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಕೊಳ್ಳುವವರು ಇರಲಿಲ್ಲ. ಕಾರ್ಖಾನೆ ಮುಳುಗಿತು.

ಅವರನ್ನು ದಡ ಸೇರಿಸಿದ್ದೂ ಮುಳುಗುತ್ತಿದ್ದ ಕಟ್ಟಡವೇ. ಲೆ ಹಾವ್ರ್ ಬಂದರಿನಲ್ಲಿ ಹೊಸದಾಗಿ ಎದ್ದ ಹಡಗು ನಿಲ್ದಾಣ 1934ರಲ್ಲಿ ಕೆಸರಿನೊಳಕ್ಕೆ ಇಳಿಯುತ್ತಿತ್ತು. ನಾರ್ಮಂಡಿ ಎಂಬ ಭಾರೀ ಹಡಗು ಬರುವ ಹೊತ್ತು ಹತ್ತಿರವಾಗಿತ್ತು. ಬೇರೆ ದಾರಿ ಕಾಣದೆ ಫ್ರೆಯ್ಸಿನೆಯನ್ನು ಕರೆದರು. ಹಳೆಯ ಪಾಯದ ತುಂಡುಗಳ ನಡುವೆ ಹೊಸ ಕಾಂಕ್ರೀಟ್ ಹಾಕಿ, ಎಳೆದ ತಂತಿಗಳಿಂದ ಎಲ್ಲವನ್ನೂ ಒಂದೇ ದಿಮ್ಮಿಯಾಗಿ ಬಿಗಿದು, ಅದರ ಮೂಲಕ ಹೊಸ ಕಂಬಗಳನ್ನು ಗಟ್ಟಿ ನೆಲದವರೆಗೆ ಜಾಕ್‌ಗಳಿಂದ ಒತ್ತಿ ಇಳಿಸಿದರು. ಇಳಿತ ನಿಂತಿತು. ಅಲ್ಲಿಂದ ಕೆಲಸಗಳು ಬರತೊಡಗಿದವು. 1946ರಲ್ಲಿ ಮಾರ್ನ್ ನದಿಯ ಮೇಲೆ ಲೂಜಾನ್ಸಿಯಲ್ಲಿ ಇದೇ ವಿಧಾನದ 55 ಮೀಟರ್ ಹರವಿನ ಸೇತುವೆ ಮುಗಿಯಿತು.

ನಮ್ಮ ರೈಲು ಹಳಿಗಳ ಕೆಳಗಿನ ಕಾಂಕ್ರೀಟ್ ಸ್ಲೀಪರುಗಳಲ್ಲೂ ಬೆಂಗಳೂರಿನ ಮೆಟ್ರೊ ಮೇಲ್ಸೇತುವೆಗಳಲ್ಲೂ ಇರುವುದು ಇದೇ ಎಳೆದ ತಂತಿ. ಭಾರತೀಯ ಮಾನಕ ಐಎಸ್ 1343ರ ಪ್ರಕಾರ, ಕ್ರೀಪ್‌ನಿಂದ ಎಷ್ಟು ಬಿಗಿ ಸೋರಿಹೋಗುತ್ತದೆಂದು ಎಂಜಿನಿಯರು ಮೊದಲೇ ಲೆಕ್ಕ ಹಾಕಿ ತೋರಿಸಬೇಕು.