ಎ-1 ಬಂತು, ಮುಂದೇನು?

ಮಕ್ಕಳ ಪ್ರಗತಿ ಪತ್ರ ಕೈಗೆ ಬಂದಾಗ ನೀವು ಮೊದಲು ನೋಡುವುದು ಏನನ್ನು? ನಮ್ಮ ಕಾಲದಲ್ಲಿ ಹಿರಿಯರು ಕೆಂಪು ಶಾಯಿಯ ಗೆರೆ ಇದೆಯೇ ಎಂದಷ್ಟೇ ನೋಡುತ್ತಿದ್ದರು. ಅರವತ್ತು ದಾಟಿದರೆ ಫಸ್ಟ್ ಕ್ಲಾಸ್, ನೆರೆಹೊರೆಗೆಲ್ಲ ಪೇಡೆ. ಈಗ ನಾವು ಒಂದು ಅಕ್ಷರವನ್ನು ಹುಡುಕುತ್ತೇವೆ. ಅದರ ಅರ್ಥ ಕೇಳುವವರು ಮಾತ್ರ ಕಡಿಮೆ.

ನನ್ನ ಇಬ್ಬರು ಮಕ್ಕಳೂ ಮುಂಬಯಿಯಲ್ಲಿ ಸಿಬಿಎಸ್‌ಇ ಶಾಲೆಯಲ್ಲಿ ಓದಿದವರು. ಮಗಳು ಹತ್ತನೆಯ ತರಗತಿ ಮುಗಿಸಿದ್ದು 2013ರಲ್ಲಿ, ಗ್ರೇಡ್ ಪದ್ಧತಿಯ ಕಾಲದಲ್ಲಿ. ಮಗ ಮುಗಿಸಿದ್ದು 2019ರಲ್ಲಿ, ಅಂಕಗಳು ಮರಳಿ ಬಂದ ಮೇಲೆ. ಒಂದೇ ಮನೆಯಲ್ಲಿ ಎರಡನ್ನೂ ಕಂಡವಳಾದ್ದರಿಂದ ಈ ನಾಲ್ಕು ಮಾತು.

2009ರಲ್ಲಿ ಬಂದ ‘ನಿರಂತರ ಮತ್ತು ಸಮಗ್ರ ಮೌಲ್ಯಮಾಪನ’ದ ಉದ್ದೇಶ ಒಳ್ಳೆಯದೇ ಇತ್ತು. ಒಂದೆರಡು ಅಂಕಕ್ಕಾಗಿ ಮಕ್ಕಳು ಜೀವ ತೇಯಬಾರದು, ವರ್ಷವಿಡೀ ಅವರ ಕಲಿಕೆಯನ್ನು ಗಮನಿಸಬೇಕು ಎಂಬುದು. 91ರಿಂದ 100ರವರೆಗೆ ಎ-1, 81ರಿಂದ 90ರವರೆಗೆ ಎ-2, ಹೀಗೆ ಒಂಬತ್ತು ಮೆಟ್ಟಿಲು. ವರ್ಷದ ನಾಲ್ಕು ಸಣ್ಣ ಮೌಲ್ಯಮಾಪನಗಳಿಗೆ ಶೇಕಡಾ 40, ಎರಡು ದೊಡ್ಡ ಪರೀಕ್ಷೆಗಳಿಗೆ 60. ಆದರೆ ಮಕ್ಕಳು ನಮಗಿಂತ ಜಾಣರು! 91ಕ್ಕೂ 99ಕ್ಕೂ ಒಂದೇ ಅಕ್ಷರವೆಂದ ಮೇಲೆ, ಕೊನೆಯ ಪರೀಕ್ಷೆಯಲ್ಲಿ ಎಷ್ಟು ಬಂದರೆ ಸಾಕು ಎಂದು ಮಗಳ ಗೆಳತಿಯರು ಕಾಗದದ ಮೇಲೆ ಲೆಕ್ಕ ಹಾಕಿ, ಅಷ್ಟಕ್ಕೇ ಪುಸ್ತಕ ಮಡಚುತ್ತಿದ್ದರು. 90ಕ್ಕೆ ನಿಂತ ಹುಡುಗಿ ಮಾತ್ರ ಆ ಒಂದು ಅಂಕಕ್ಕಾಗಿ ಎರಡು ದಿನ ಊಟ ಬಿಟ್ಟಳು. ಇನ್ನು ಪ್ರಾಜೆಕ್ಟುಗಳ ಕಥೆ ನಿಮಗೂ ಗೊತ್ತಿದ್ದದ್ದೇ. ರಾತ್ರಿ ಹನ್ನೊಂದು ಗಂಟೆಗೆ ಥರ್ಮೋಕೋಲ್ ಕತ್ತರಿಸುತ್ತಿದ್ದ ಅಪ್ಪಂದಿರಿಗೇ ಗ್ರೇಡು ಸಲ್ಲಬೇಕಿತ್ತು.

2018ರಿಂದ ಹತ್ತನೆಯ ತರಗತಿಗೆ ಬೋರ್ಡ್ ಪರೀಕ್ಷೆ ಮತ್ತೆ ಕಡ್ಡಾಯವಾಯಿತು. ಅಂಕದ ಪಕ್ಕದಲ್ಲಿ ಗ್ರೇಡೂ ಉಳಿಯಿತು, ಆದರೆ ಅರ್ಥ ಬೇರೆಯಾಯಿತು. ಒಂದು ವಿಷಯದಲ್ಲಿ ಉತ್ತೀರ್ಣರಾದವರನ್ನೆಲ್ಲ ಅಂಕಗಳ ಕ್ರಮದಲ್ಲಿ ನಿಲ್ಲಿಸಿ, ಮೊದಲ ಎಂಟನೇ ಒಂದು ಪಾಲಿಗೆ ಎ-1, ಅದರ ನಂತರದ ಎಂಟನೇ ಒಂದು ಪಾಲಿಗೆ ಎ-2 ಕೊಡುತ್ತಾರೆ. ಅಂದರೆ ಆ ವರ್ಷ ದೇಶದ ಉಳಿದ ಮಕ್ಕಳು ಹೇಗೆ ಬರೆದರು ಎಂಬುದರ ಮೇಲೆ ನಿಮ್ಮ ಮಗುವಿನ ಅಕ್ಷರ ನಿಂತಿದೆ. ಇದು ತಿಳಿಯದೆ ಎ-2 ತಂದ ಮಗುವನ್ನು ಗದರಿಸುವವರನ್ನು ನೋಡಿದ್ದೇನೆ. ಮಹಾರಾಷ್ಟ್ರದ ಎಸ್.ಎಸ್.ಸಿ.ಯಲ್ಲಿ 2010ರಿಂದ ಆರು ವಿಷಯಗಳ ಪೈಕಿ ಹೆಚ್ಚು ಅಂಕದ ಐದನ್ನು ಹಿಡಿದು ಶೇಕಡಾವಾರು ತೆಗೆಯುವುದು ಬಂತು. ಅಲ್ಲಿನ ಚರ್ಚೆ, ಯಾವ ವಿಷಯವನ್ನು ಬಿಟ್ಟರೆ ನಡೆದೀತು ಎಂಬುದು!

ಮಗಳಿಗೆ ನಿಜವಾಗಿ ಹುರುಪು ಕೊಟ್ಟದ್ದು ಯಾವುದು ಗೊತ್ತೇ? ಎಂಟನೆಯ ತರಗತಿಯಲ್ಲಿ ಗಣಿತದ ಟೀಚರ್ ಉತ್ತರ ಪತ್ರಿಕೆಯ ಅಂಚಿನಲ್ಲಿ ಬರೆದ ಒಂದು ಸಾಲು. ‘ಉತ್ತರ ಸರಿ. ಇದಕ್ಕೆ ಇನ್ನೂ ಚಿಕ್ಕ ದಾರಿಯಿದೆ, ಹುಡುಕು.’ ಎರಡು ಸಂಜೆ ಟಿ.ವಿ. ಬಿಟ್ಟು ಕೂತಳು. ಅದೇ ಪತ್ರಿಕೆಯ ಎ-1 ಅನ್ನು ಸಂಭ್ರಮಿಸಿದವರು ನಾವು, ಅವಳಲ್ಲ.

ಇದು ನನ್ನೊಬ್ಬಳ ಅನುಭವವೆನ್ನಬೇಡಿ. ಇಸ್ರೇಲಿನ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಐದು, ಆರನೆಯ ತರಗತಿಯ ಕೆಲವು ಮಕ್ಕಳಿಗೆ ಬರೀ ಗ್ರೇಡು, ಕೆಲವರಿಗೆ ಬರೀ ಬರೆದ ಸಲಹೆ, ಇನ್ನು ಕೆಲವರಿಗೆ ಎರಡೂ. ಆಸಕ್ತಿಯೂ ಕೆಲಸದ ಗುಣವೂ ಹೆಚ್ಚಿದ್ದದ್ದು ಬರೀ ಸಲಹೆ ಪಡೆದವರಲ್ಲಿ. ಎರಡೂ ಸಿಕ್ಕವರು ಬರೀ ಗ್ರೇಡು ಸಿಕ್ಕವರಂತೆಯೇ ನಡೆದುಕೊಂಡರು. ಗ್ರೇಡು ಕಂಡ ಮೇಲೆ ಸಲಹೆಯನ್ನು ಓದುವವರು ಯಾರು, ಹೇಳಿ! ಪಾಲಕರ ಸಭೆಗೆ ಹೋದಾಗ ಅಂಕ ಕೇಳುವ ಬದಲು ಉತ್ತರ ಪತ್ರಿಕೆಯನ್ನೇ ಕೇಳಿ ನೋಡಿ. ಎಲ್ಲಿ ತಪ್ಪಿತು ಎಂಬುದು ಅಲ್ಲಿರುತ್ತದೆ.

ನಮ್ಮ ಸಂಘದ ವಿಚಾರಕ್ಕೂ ಬರುತ್ತೇನೆ. ಗ್ರೇಡಿನ ವರ್ಷಗಳಲ್ಲಿ ಪ್ರತಿಭಾ ಪುರಸ್ಕಾರದ ಅರ್ಜಿಗಳು ಬಂದಾಗ ಸಿಜಿಪಿಎಯನ್ನು 9.5ರಿಂದ ಗುಣಿಸುತ್ತಿದ್ದೆವು, ಹತ್ತಕ್ಕೆ ಹತ್ತು ಬಂದವರೆಲ್ಲ 95ರವರೇ. ಈಗ ಗುಣಾಕಾರ ಹೋಯಿತು, ತೊಂಬತ್ತರ ಗೆರೆ ಉಳಿಯಿತು. ನಮ್ಮ ಕಟ್ಟಡದಲ್ಲೇ ಒಬ್ಬ ಕನ್ನಡದ ಹುಡುಗನಿದ್ದಾನೆ. ಒಂಬತ್ತರಲ್ಲಿ ಗಣಿತಕ್ಕೆ 38, ಹತ್ತರಲ್ಲಿ 64. ಸಮಾರಂಭಕ್ಕೆ ಬಾರೋ ಎಂದರೆ, “ಆಂಟಿ, ಅದು ತೊಂಬತ್ತರವರ ಫಂಕ್ಷನ್. ನಾನು ಬರೀ ಚಪ್ಪಾಳೆ ತಟ್ಟಲಿಕ್ಕೆ ಬರಬೇಕಾ?” ಎಂದ. ಒಂದೇ ವರ್ಷದಲ್ಲಿ 26 ಅಂಕ ಮೇಲೇರಿದವನು ಅವನು. ನಮ್ಮ ಅರ್ಜಿಯಲ್ಲಿ ಅದನ್ನು ಬರೆಯಲು ಜಾಗವೇ ಇಲ್ಲ.

ತೊಂಬತ್ತರವರ ಬಹುಮಾನ ಇರಲಿ, ಅವರೂ ಕಷ್ಟಪಟ್ಟವರೇ. ಅದರ ಜೊತೆಗೆ ಎರಡು ವರ್ಷಗಳ ಅಂಕಪಟ್ಟಿ ತರಿಸಿ, ಹೆಚ್ಚು ಮೇಲೇರಿದ ಇಬ್ಬರು ಮಕ್ಕಳನ್ನೂ ವೇದಿಕೆಗೆ ಕರೆಯೋಣ ಎಂದು ಮುಂದಿನ ವಾರ್ಷಿಕ ಮಹಾಸಭೆಗೆ ಸೂಚನೆ ಬರೆದುಕೊಟ್ಟಿದ್ದೇನೆ. ಅನುಮೋದಿಸುವವರೊಬ್ಬರು ಬೇಕಾಗಿದ್ದಾರೆ.