ಕುಂಬಳೆ ಸೀಮೆಯ ಶಾಲೆಯಲ್ಲಿ ಕಲೋತ್ಸವ

ಗೇಟಿನ ಎಡಗಡೆ, ಕಳೆದ ಎಸ್‌ಎಸ್‌ಎಲ್‌ಸಿಯಲ್ಲಿ ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಪಡೆದ ಮಕ್ಕಳ ಫೋಟೊಗಳ ಬ್ಯಾನರು ಇನ್ನೂ ಇದೆ. ಒಂದು ಮಳೆಗಾಲ ಪೂರ್ತಿ ನೆನೆದು ಮುಖಗಳ ಬಣ್ಣ ಮಾಸಿದೆ. ಆದರೂ ಇಳಿಸಲು ಯಾರಿಗೂ ಮನಸ್ಸು ಬಂದಿಲ್ಲ. ಬಲಗಡೆ ಹೊಸ ಬಟ್ಟೆ ಬ್ಯಾನರು. ಮೇಲಿನ ಸಾಲು ಮಲಯಾಳದಲ್ಲಿ, ಕೆಳಗಿನದು ಕನ್ನಡದಲ್ಲಿ: ಉಪಜಿಲ್ಲಾ ಶಾಲಾ ಕಲೋತ್ಸವ. ಎರಡರ ನಡುವೆ ಹಾದು ಒಳಗೆ ಬಂದರೆ ಮುರಕಲ್ಲಿನ ಪಾಗಾರದುದ್ದಕ್ಕೂ ಜೀಪುಗಳು, ಶಾಲಾ ಬಸ್ಸುಗಳು. ಒಂದು ಜೀಪಿನ ನೆತ್ತಿಯ ಮೇಲಿಂದ ಇಬ್ಬರು ಹುಡುಗರು ಕಿರೀಟಗಳ ದೊಡ್ಡ ಪೆಟ್ಟಿಗೆಯನ್ನು ಜೋಪಾನವಾಗಿ ಇಳಿಸುತ್ತಿದ್ದಾರೆ. ಕೆಳಗೆ ನಿಂತ ಮಾಷ್ಟ್ರು, 'ಮೆಲ್ಲ, ಮೆಲ್ಲ, ಕೈ ಬಿಡ್ಬೇಡಿ' ಎನ್ನುತ್ತಾ ತಾವೂ ಕೈ ಚಾಚಿದ್ದಾರೆ.

ಇದು ಕಾಸರಗೋಡು ಜಿಲ್ಲೆ. ಕುಂಬಳೆಯಲ್ಲಿ ಹೆದ್ದಾರಿ ಬಿಟ್ಟು ಅಡಿಕೆ ತೋಟಗಳ ನಡುವೆ ಒಳಗೆ ಬಂದರೆ ಸಿಗುವ ಗುಡ್ಡದ ಮೇಲಿನ ಶಾಲೆ. ಕನ್ನಡ, ಮಲಯಾಳ ಎರಡೂ ಮಾಧ್ಯಮಗಳಿವೆ. 'ನಮ್ಮ ಶಾಲೆಯ ಹೆಸರು ಬರೆಯುವುದು ಬೇಡ. ಈ ಸೀಮೆಯ ಯಾವ ಕನ್ನಡ ಶಾಲೆಗೆ ಹೋದರೂ ನಿಮಗೆ ಕಾಣುವುದು ಇದೇ' ಎಂದರು ಹೆಡ್‌ಮಿಸ್ಟ್ರೆಸ್. ಅವರ ಮಾತನ್ನು ಉಳಿಸಿಕೊಂಡಿದ್ದೇನೆ.

ಕೇರಳದ ಶಾಲಾ ಕಲೋತ್ಸವದ ಬಗ್ಗೆ ಕರ್ನಾಟಕದಲ್ಲಿ ನಮಗೆ ಗೊತ್ತಿರುವುದು ಕಡಿಮೆ. 1957ರಲ್ಲಿ ಎರ್ನಾಕುಳದಲ್ಲಿ ಸಣ್ಣದಾಗಿ ಶುರುವಾದದ್ದು ಇಂದು ಆ ರಾಜ್ಯದ ದೊಡ್ಡ ಹಬ್ಬಗಳಲ್ಲಿ ಒಂದು. ಮೊದಲು ಶಾಲೆ, ಆಮೇಲೆ ಉಪಜಿಲ್ಲೆ, ಆಮೇಲೆ ಕಂದಾಯ ಜಿಲ್ಲೆ, ಕೊನೆಗೆ ರಾಜ್ಯಮಟ್ಟ. ಗೆದ್ದ ಜಿಲ್ಲೆಗೆ ಚಿನ್ನದ ಕಪ್. 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ತ್ರಿಶೂರು 1008 ಅಂಕ ಪಡೆದು ಆ ಕಪ್ಪನ್ನು ಎತ್ತಿಕೊಂಡಿತು. ಪಾಲಕ್ಕಾಡು 1007ಕ್ಕೆ ನಿಂತಿತು. ಎ ಗ್ರೇಡಿಗೆ 5 ಅಂಕ, ಬಿ ಗ್ರೇಡಿಗೆ 3, ಸಿ ಗ್ರೇಡಿಗೆ 1. ಇಡೀ ಜಿಲ್ಲೆಯ ಮಕ್ಕಳ ವರ್ಷದ ದುಡಿಮೆ ಒಂದೇ ಅಂಕದಲ್ಲಿ ಈಚೆಯಿಂದ ಆಚೆಗೆ ಹೋಗಬಲ್ಲದು ಎಂಬುದು ಇಲ್ಲಿನ ಪ್ರತಿ ಮಗುವಿಗೂ ಗೊತ್ತು. ರಾಜ್ಯಮಟ್ಟದ ಗ್ರೇಡಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ಗ್ರೇಸ್ ಮಾರ್ಕೂ ಉಂಟು. ಆದರೆ ಇವತ್ತು ನಾನು ಮಾತಾಡಿಸಿದ ಮಕ್ಕಳಲ್ಲಿ ಮಾರ್ಕಿನ ಮಾತೆತ್ತಿದವರು ಯಾರೂ ಇಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿನ ಕನ್ನಡ ಶಾಲೆಗಳು ಎರಡು ಮನೆಯ ಜವಾಬ್ದಾರಿ ಹೊತ್ತುಕೊಂಡು ಬಂದಿವೆ. ಪಠ್ಯಕ್ರಮ, ಪರೀಕ್ಷೆ, ಸಂಬಳ ಎಲ್ಲ ಕೇರಳದ್ದು. ಓದು, ಹಾಡು, ಆಟ ಕನ್ನಡದ್ದು. ಕಲೋತ್ಸವದ ಪಟ್ಟಿಯಲ್ಲಿ ಕಥಕಳಿ, ಮೋಹಿನಿಯಾಟ್ಟಂ, ಒಪ್ಪನ, ಮಾರ್ಗಂಕಳಿಗಳ ಸಾಲಿನಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಕನ್ನಡ ಪದ್ಯೋಚ್ಚಾರಣೆ ಉಂಟು, ಕನ್ನಡ ಭಾಷಣ ಉಂಟು. ಹೀಗಾಗಿ ರಾಜ್ಯ ಕಲೋತ್ಸವ ಕೊಲ್ಲದಲ್ಲಿ ನಡೆಯಲಿ, ತಿರುವನಂತಪುರದಲ್ಲಿ ನಡೆಯಲಿ, ಅಲ್ಲೊಂದು ವೇದಿಕೆಯಲ್ಲಿ ಚೆಂಡೆ ಮದ್ದಳೆ ಕೇಳಿಸಿಯೇ ಕೇಳಿಸುತ್ತದೆ.

ನೋಂದಣಿ ಕೌಂಟರಿನಲ್ಲಿ ಆಯಾ ಶಾಲೆಯ ಟೀಚರುಗಳು ಸಾಲಾಗಿ ನಿಂತಿದ್ದಾರೆ. ಮಕ್ಕಳಿಗೆ ಎದೆಗೆ ಸಿಕ್ಕಿಸುವ ನಂಬರು ಕೊಟ್ಟು, ವೇದಿಕೆಯ ಹಿಂದೆ ಚೀಟಿ ಎತ್ತಿಸಿ ಸರದಿ ಗೊತ್ತುಮಾಡುತ್ತಾರೆ. ಮೈಕಿನಲ್ಲಿ ಮಗುವಿನ ಹೆಸರಿಲ್ಲ, ಶಾಲೆಯ ಹೆಸರೂ ಇಲ್ಲ, ನಂಬರು ಮಾತ್ರ. ತೀರ್ಪುಗಾರರಿಗೆ ಯಾರು ಯಾರೆಂದು ಗೊತ್ತಾಗಬಾರದು. ಸ್ಟೂಡೆಂಟ್ ಪೊಲೀಸ್ ಕೆಡೆಟ್‌ನ ಖಾಕಿ ಮಕ್ಕಳು ದಾರಿ ತೋರಿಸುತ್ತಿದ್ದರೆ, ಲಿಟಲ್ ಕೈಟ್ಸ್ ಐಟಿ ಕ್ಲಬ್ಬಿನ ಮಕ್ಕಳು ಕ್ಯಾಮೆರಾ ಸ್ಟ್ಯಾಂಡು ಹೊತ್ತು ವೇದಿಕೆಯಿಂದ ವೇದಿಕೆಗೆ ಓಡುತ್ತಿದ್ದಾರೆ. ಒಬ್ಬ ಹುಡುಗ ಸ್ಪರ್ಧೆಗಿಲ್ಲ, ಚಿತ್ರೀಕರಣಕ್ಕೂ ಇಲ್ಲ. ಪ್ರತಿ ವೇದಿಕೆಯ ಫಲಿತಾಂಶದ ಹಾಳೆಯನ್ನು ಕಚೇರಿಗೆ ತಲುಪಿಸುವುದಷ್ಟೇ ಅವನ ಕೆಲಸ. ಅದನ್ನು ಅಂಗಿಯ ಒಳಗಿಟ್ಟುಕೊಂಡು ಓಡುವ ಅವನ ಗಾಂಭೀರ್ಯ ನೋಡಿ ನನಗೆ ಬಹಳ ಇಷ್ಟವಾಯಿತು.

ಒಂಬತ್ತನೇ ತರಗತಿಯ ಕೋಣೆಯಲ್ಲಿ ಕನ್ನಡ ಪದ್ಯೋಚ್ಚಾರಣೆ. ಪ್ರೇಕ್ಷಕರು ಬೆರಳೆಣಿಕೆಯಷ್ಟು. ಬಿಳಿ ಶಾಲು ತಲೆಗೆ ಹೊದ್ದ ಹುಡುಗಿಯೊಬ್ಬಳು ಬಂದು ನಿಂತು, ಕಣ್ಣು ಮುಚ್ಚಿ ಶ್ರುತಿ ಹಿಡಿದು, ಹಳಗನ್ನಡದ ಪದ್ಯವೊಂದನ್ನು ಬಿಡಿಸಿ ಬಿಡಿಸಿ ಹಾಡಿದಳು. ಳಕಾರ, ಣಕಾರ ಎಲ್ಲೂ ಜಾರಲಿಲ್ಲ. ಹೊರಗೆ ಬಂದ ಮೇಲೆ ಕೇಳಿದೆ: ಮನೆಯಲ್ಲಿ ಬ್ಯಾರಿ ಮಾತು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಕಲಿಸಿದವರು ಯಾರು ಎಂದರೆ ಟೀಚರತ್ತ ನೋಡಿದಳು. ಟೀಚರು, 'ನಾನೆಂತ ಕಲಿಸ್ಲಿಲ್ಲ, ಅವಳೇ ಬಸ್ಸಲ್ಲಿ ಬಾಯಿಪಾಠ ಮಾಡಿದ್ದು' ಎಂದರು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಇಲ್ಲೇ ಹತ್ತಿರದ ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮಾಷ್ಟ್ರಾಗಿದ್ದವರು. ಈ ಸೀಮೆಯಲ್ಲಿ ಕನ್ನಡವನ್ನು ಬಾಯಲ್ಲಿ ಆಡಿಸಿ ಕಲಿಸುವ ಪದ್ಧತಿ ಹಳೆಯದು, ಗಟ್ಟಿಯಾದದ್ದು.

ಹಾಗೆಂದು ಎಲ್ಲ ಸುಸೂತ್ರವಾಗಿದೆ ಎಂದು ಬರೆದರೆ ತಪ್ಪಾಗುತ್ತದೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದಾಗಲೆಲ್ಲ ಈ ಜಿಲ್ಲೆಯಲ್ಲಿ ಹೆತ್ತವರು, ಮಕ್ಕಳು ಬೀದಿಗಿಳಿದಿದ್ದಾರೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗಲೂ ಇಲ್ಲಿ ಆತಂಕವಿತ್ತು. ಮಲಯಾಳ ಕಲಿಯಲು ಈ ಮಕ್ಕಳಿಗೆ ಬೇಸರವಿಲ್ಲ. ಅವರು ಅದನ್ನು ಆಟದ ಮೈದಾನದಲ್ಲೇ ಕಲಿತುಬಿಟ್ಟಿರುತ್ತಾರೆ. ಗಣಿತವನ್ನೂ ವಿಜ್ಞಾನವನ್ನೂ ತಮಗೆ ತಿಳಿಯುವ ಮಾತಿನಲ್ಲಿ ಹೇಳಿಕೊಡಿ ಎಂದು ಕೇಳುವುದು ಬೇರೆ ಸಂಗತಿ. ಆ ಕೇಳಿಕೆ ನ್ಯಾಯವಾದದ್ದು.

ಮಧ್ಯಾಹ್ನಕ್ಕೆ ಮೊದಲು ಹಿಂಬದಿಯ ಕಟ್ಟಡಕ್ಕೆ ಬಂದೆ. ಎಂಟನೇ ತರಗತಿ ಬಿ ವಿಭಾಗವೇ ಇವತ್ತು ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿ. ಬೆಂಚುಗಳನ್ನು ಗೋಡೆಗೆ ಒತ್ತಿ ನೆಲಕ್ಕೆ ಚಾಪೆ ಹಾಸಿದ್ದಾರೆ. ಮೂಲೆಯಲ್ಲಿ ಗಣಪತಿಯ ಫೋಟೊ, ದೀಪ, ಹಣ್ಣುಕಾಯಿ. ಹಲಗೆಯ ಮೇಲೆ ನಿನ್ನೆಯ ಬೀಜಗಣಿತ ಇನ್ನೂ ಅಳಿಸಿಲ್ಲ. ಅದರ ಕೆಳಗೆ ಸಾಲಾಗಿ ಗೆಜ್ಜೆ, ಭುಜಕೀರ್ತಿ, ಎದೆಕಟ್ಟು. ಪ್ರಸಂಗ 'ಪಂಚವಟಿ'. ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ಒಂದು. ಪಾರ್ತಿಸುಬ್ಬ ಕುಂಬಳೆಯವನು. ಅವನ ಊರಿನ ಮಕ್ಕಳು ಅವನ ಪದಕ್ಕೆ ಕುಣಿಯಲು ಇಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿದ್ದಾರೆ.

ಶೂರ್ಪನಖಿಯ ವೇಷಕ್ಕೆ ಕೂತವಳು ಹತ್ತನೇ ತರಗತಿಯ ಹುಡುಗಿ. ತೆಂಕುತಿಟ್ಟಿನ ಹೆಣ್ಣುಬಣ್ಣ. ಮೇಳಗಳಲ್ಲಿ ನುರಿತ ಗಂಡಸರು ಮಾಡುತ್ತಾ ಬಂದ ವೇಷ. ಬೆಳಗ್ಗೆಯೇ ಕೂತಿದ್ದಾಳೆ. ಬಣ್ಣ ಹಾಕುವವರು ಅಕ್ಕಿಹಿಟ್ಟು, ಸುಣ್ಣ ಕಲಸಿದ ಮುದ್ದೆಯನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಅವಳ ಕೆನ್ನೆಯ ಮೇಲೆ ಒಂದೊಂದೇ ಚುಟ್ಟಿ ಇಡುತ್ತಿದ್ದಾರೆ. ಒಂದು ಸಾಲು ಒಣಗಬೇಕು, ಆಮೇಲೆ ಅದರ ಪಕ್ಕ ಇನ್ನೊಂದು. ನಕ್ಕರೆ ಬಿರುಕು ಬಿಡುತ್ತದೆ, ಮಾತಾಡಿದರೆ ಉದುರುತ್ತದೆ. ಹಾಗಾಗಿ ಅವಳಿಗೆ ಬೇಕಾದದ್ದನ್ನು ಗೆಳತಿಯೊಬ್ಬಳು ಅವಳ ಕಣ್ಣು ನೋಡಿಯೇ ತಿಳಿದುಕೊಳ್ಳುತ್ತಾಳೆ. ನೀರು ಎಂದಾಗ ಸ್ಟ್ರಾ ಹಾಕಿದ ಬಾಟಲಿಯನ್ನು ತುಟಿಗೆ ಮುಟ್ಟಿಸುತ್ತಾಳೆ, ಸೆಖೆ ಎಂದಾಗ ನೋಟ್‌ಬುಕ್ಕಿನಿಂದ ಗಾಳಿ ಹಾಕುತ್ತಾಳೆ. ಆ ಗೆಳತಿ ತಂಡದಲ್ಲಿ ಇಲ್ಲ. ಬೇಸಗೆ ರಜೆಯಲ್ಲಿ ಅವಳೂ ಹೆಜ್ಜೆ ಕಲಿತವಳೇ, ಆಯ್ಕೆಯಲ್ಲಿ ಬಿಟ್ಟುಹೋಯಿತಂತೆ. ಆದರೂ ಅಭ್ಯಾಸ ತಪ್ಪಿಸಲಿಲ್ಲ ಎಂದು ಮಾಷ್ಟ್ರು ಹೇಳಿದರು. ಶಾಲೆಯ ಸಾಧನೆಯ ಲೆಕ್ಕ ಬರೆಯುವಾಗ ಈ ಹುಡುಗಿಯ ಹೆಸರೂ ಸೇರಬೇಕು ಎಂದು ನನಗೆ ಬಲವಾಗಿ ಅನಿಸಿತು.

ಬಣ್ಣ ಹಾಕುವವರು ಇದೇ ಶಾಲೆಯ ಹಳೆ ವಿದ್ಯಾರ್ಥಿ, ಈಗ ಅಡಿಕೆ ಕೃಷಿಕರು. ಕೈ ನಿಲ್ಲಿಸದೆಯೇ ಮಾತಾಡಿದರು: 'ಸಂಬಳ ಎಲ್ಲಿಂದ ಮಾರಾಯ್ರೇ? ನಾನು ಇಲ್ಲಿ ಓದುವಾಗ ನನ್ನ ಮುಖಕ್ಕೆ ಯಾರೋ ಹೀಗೆ ಕೂತು ಬರೆದಿದ್ದಾರಲ್ಲ, ಅದಕ್ಕೆ ಲೆಕ್ಕ ಉಂಟಾ?' ವೇಷಭೂಷಣ ಊರಿನ ಯಕ್ಷಗಾನ ಸಂಘದ್ದು. ಭಾಗವತರು ಪಕ್ಕದ ಶಾಲೆಯ ನಿವೃತ್ತ ಮಾಷ್ಟ್ರು; ಈ ಮಕ್ಕಳಿಗೆ ತಾಳ ಕಲಿಸಿದವರೂ ಅವರೇ. ಬಾಡಿಗೆಯ ಆಭರಣ, ಮೇಕಪ್ಪು, ಹಿನ್ನೆಲೆ ಸಂಗೀತ ಎಂದು ಕೆಲವು ನೃತ್ಯ ಸ್ಪರ್ಧೆಗಳಿಗೆ ಹೆತ್ತವರು ಸಾಲ ಮಾಡುವಷ್ಟು ಖರ್ಚಾಗುತ್ತದೆ ಎಂಬ ದೂರು ಕೇರಳದಲ್ಲಿ ಬಹಳ ಕಾಲದಿಂದ ಇದೆ. ಈ ಚೌಕಿಯಲ್ಲಿ ಅದಕ್ಕೊಂದು ಉತ್ತರ ಕಾಣಿಸಿತು: ಖರ್ಚನ್ನು ಊರೇ ಹಂಚಿಕೊಂಡಿದೆ.

ಬಾಗಿಲಲ್ಲಿ ದಫ್‌ಮುಟ್ಟಿನ ಹುಡುಗರು ದಫ್ಫನ್ನು ಕಂಕುಳಲ್ಲಿ ಇಟ್ಟುಕೊಂಡು ಇಣುಕಿ ನಿಂತಿದ್ದರು. ಅವರ ಹಿಂದೆ ಮಂಗಲಂಕಳಿಗೆ ಬಂದ ಮಕ್ಕಳು. ಕಾಸರಗೋಡು, ಕಣ್ಣೂರಿನ ಮಾವಿಲನ್ ಮತ್ತು ಮಲವೇಟ್ಟುವನ್ ಸಮುದಾಯಗಳ ಮದುವೆಮನೆಯ ಈ ಕುಣಿತಕ್ಕೆ 2025ರ ರಾಜ್ಯ ಕಲೋತ್ಸವದಲ್ಲಿ, ಇನ್ನೂ ನಾಲ್ಕು ಬುಡಕಟ್ಟು ಕಲೆಗಳ ಜತೆ, ಮೊದಲ ಬಾರಿಗೆ ಸ್ಪರ್ಧೆಯ ಸ್ಥಾನ ಸಿಕ್ಕಿತು. ಇದರಲ್ಲಿ ತುಳು ಹಾಡುಗಳೂ ಇವೆ. ಅಜ್ಜಿಯ ಬಾಯಿಂದ ಕೇಳಿದ ಹಾಡಿಗೆ ಈಗ ಎ ಗ್ರೇಡು ಸಿಗುತ್ತದೆಂದು ಆ ಮಕ್ಕಳಿಗೆ ಆದ ಹಿಗ್ಗನ್ನು ಅವರ ನಡಿಗೆಯಲ್ಲೇ ಕಾಣಬಹುದಿತ್ತು.

ಊಟದ ಚಪ್ಪರದ ವಿಷಯ ಹೇಳದಿದ್ದರೆ ಆಗದು. ಹಿಂದಿನ ದಿನ ಊರವರು ಹೊರೆಕಾಣಿಕೆ ತಂದಿದ್ದರು. ತೆಂಗಿನಕಾಯಿ, ಕುಂಬಳಕಾಯಿ, ಸೌತೆ, ಬಾಳೆಎಲೆಯ ಕಟ್ಟು. ದೇವಸ್ಥಾನದಿಂದ ಪಾತ್ರೆ, ಮಸೀದಿಯಿಂದ ದೊಡ್ಡ ಚೆಂಬುಗಳು, ಇಗರ್ಜಿಯಿಂದ ಕುರ್ಚಿಗಳು. ತರಕಾರಿ ಹೆಚ್ಚಿದವರು ಹೆತ್ತವರು, ಬಡಿಸುವವರು ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರು, ಎಲೆ ಎತ್ತುವವರು ಹನ್ನೆರಡನೇ ತರಗತಿಯ ಎನ್‌ಎಸ್‌ಎಸ್ ಮಕ್ಕಳು. ಅನ್ನ, ಸಾಂಬಾರು, ಪಲ್ಯ, ಕಡಲೆಬೇಳೆ ಪಾಯಸ. ಸೋತು ಬಂದು ಅಳು ನುಂಗುತ್ತಿದ್ದ ಪುಟ್ಟ ಹುಡುಗನಿಗೆ ಬಡಿಸುವ ಅಕ್ಕ ಏನೂ ಕೇಳದೆ ಎರಡು ಸೌಟು ಪಾಯಸ ಹೆಚ್ಚು ಹಾಕಿ ಮುಂದೆ ಹೋದರು.

ಮೂರು ಗಂಟೆಯ ಬಿಸಿಲಿಗೆ ಮುಖ್ಯ ವೇದಿಕೆಯಲ್ಲಿ ಚೆಂಡೆ ಬಿತ್ತು. ಎಲ್ಲಿದ್ದರೋ, ಮೈದಾನದ ಮೂಲೆಮೂಲೆಯಿಂದ ಜನ ಬಂದು ತುಂಬಿದರು. ಇರುಳಿಡೀ ಆಡುವ ಆಟವನ್ನು ಕೊಟ್ಟ ಅವಧಿಯೊಳಗೆ ಮುಗಿಸಬೇಕು. ಪದಗಳನ್ನು ಆರಿಸಿ, ಅರ್ಥವನ್ನು ಹಿಡಿದು, ಕುಣಿತಕ್ಕೆ ಜಾಗ ಬಿಟ್ಟು ಭಾಗವತರು ಪ್ರಸಂಗ ಕಟ್ಟಿದ್ದರು. ಲಕ್ಷ್ಮಣನ ಹುಡುಗಿ ದಿಗಿಣ ಹಾರುತ್ತಾ ವೇದಿಕೆಗೆ ಸುತ್ತು ಹಾಕಿದಾಗ ಕಿರೀಟ ಅಲ್ಲಾಡಲಿಲ್ಲ. ಮಾಯಾ ಶೂರ್ಪನಖಿ ಬಿನ್ನಾಣದಿಂದ ರಾಮನ ಬಳಿ ಬಂದು, ಅವನು ತಮ್ಮನತ್ತ ಕಳಿಸಿ, ತಮ್ಮ ಅಣ್ಣನತ್ತ ಕಳಿಸುವ ಭಾಗಕ್ಕೆ ಬಂದಾಗ ಕನ್ನಡ ಬಾರದ ಹೆತ್ತವರೂ ನಗುತ್ತಿದ್ದರು. ಆಮೇಲೆ ತೆರೆ ಹಿಡಿದರು. ತೆರೆಯ ಹಿಂದಿನಿಂದ ಒಂದು ಆರ್ಭಟ. ಬೆಳಗ್ಗಿನಿಂದ ತುಟಿ ಬಿಚ್ಚದ ಆ ಹುಡುಗಿಯ ಗಂಟಲಿನಿಂದ ಅಂಥದ್ದೊಂದು ಧ್ವನಿ ಹೊರಟೀತೆಂದು ನಾನು ಎಣಿಸಿರಲಿಲ್ಲ.

ಅವಳ ಅರ್ಥವನ್ನೂ ಕೇಳಬೇಕಿತ್ತು. ಮೂಗು ಕೊಯ್ಸಿಕೊಂಡ ಶೂರ್ಪನಖಿ, 'ಒಲಿದು ಬಂದವಳಿಗೆ ಒಲ್ಲೆನೆಂದು ಹೇಳಿದರೆ ಸಾಕಿತ್ತು, ಆಡಿಸಿ ನಗೆಮಾಡಿದ್ದೇಕೆ?' ಎಂದು ಕೇಳಿದಳು. ಸಭೆ ಒಂದು ಗಳಿಗೆ ಅಲ್ಲಾಡಲಿಲ್ಲ. ಈ ಮಾತು ಬರೆದುಕೊಟ್ಟದ್ದೋ ಎಂದು ಆಮೇಲೆ ಮಾಷ್ಟ್ರಲ್ಲಿ ವಿಚಾರಿಸಿದೆ. 'ನಾನು ಹೇಳಿದ್ದು ಸಂದರ್ಭ ಮಾತ್ರ. ಮಾತು ಅವಳದ್ದು' ಎಂದರು. ಹದಿನೈದರ ಹುಡುಗಿ ಸಭೆಯ ಮುಂದೆ ನಿಂತು, ಒಂದು ಇಂಗ್ಲಿಷ್ ಪದವೂ ನುಸುಳದ ಕನ್ನಡದಲ್ಲಿ, ತನ್ನದೇ ಯೋಚನೆಯನ್ನು ಪಾತ್ರದ ಬಾಯಲ್ಲಿ ಹೇಳುವುದಕ್ಕಿಂತ ದೊಡ್ಡ ಭಾಷಾಪಾಠ ಯಾವ ಶಾಲೆಯಲ್ಲಿದೆ? ಬೆಂಗಳೂರಿನ, ಮೈಸೂರಿನ ಕನ್ನಡ ಅಧ್ಯಾಪಕರು ಒಮ್ಮೆ ಇಲ್ಲಿಗೆ ಬಂದು ಇದನ್ನು ನೋಡಬೇಕು.

ಫಲಿತಾಂಶ ಬಂದಾಗ ಸಂಜೆಯಾಗಿತ್ತು. ಯಕ್ಷಗಾನ, ಹೈಸ್ಕೂಲು ವಿಭಾಗ: ಎ ಗ್ರೇಡಿನೊಂದಿಗೆ ಪ್ರಥಮ, ಇದೇ ಶಾಲೆ. ಮಕ್ಕಳು ಅರ್ಧ ಬಣ್ಣ ಅಳಿಸಿದ ಮುಖದಲ್ಲೇ ಹಾರಿ ಕುಣಿದರು. ಹೆಡ್‌ಮಿಸ್ಟ್ರೆಸ್ ಒಬ್ಬೊಬ್ಬರನ್ನೂ ಅಪ್ಪಿಕೊಂಡು ತಮ್ಮ ಸೀರೆಗೆಲ್ಲ ಬಣ್ಣ ಮಾಡಿಕೊಂಡರು. ಎರಡನೇ ಸ್ಥಾನ ಪಡೆದ ಶಾಲೆಯ ರಾವಣ ಬಂದು ಶೂರ್ಪನಖಿಯ ಕೈ ಕುಲುಕಿ, 'ಜಿಲ್ಲೆಯಲ್ಲಿ ಗೆಲ್ಲು, ಆಯ್ತಾ' ಎಂದು ಹೇಳಿ ಹೋದ.

ಸಂಭ್ರಮ ಮುಗಿಯುವ ಮೊದಲೇ ಭಾಗವತ ಮಾಷ್ಟ್ರು ಮಕ್ಕಳನ್ನು ಮೆಟ್ಟಿಲ ಮೇಲೆ ಕೂರಿಸಿದರು. ರಾಮನ ಮೊದಲ ಪದದಲ್ಲಿ ತಾಳ ಒಂದು ಕಡೆ ಓಡಿದ್ದು, ಖರ ಬಂದಾಗ ಮೂವರೂ ಒಂದೇ ಬದಿಗೆ ಸರಿದದ್ದು, ಎಲ್ಲ ಹೇಳಿದರು. ಯಾರೂ ಎದುರು ಹೇಳಲಿಲ್ಲ. ಇನ್ನು ಜಿಲ್ಲಾಮಟ್ಟಕ್ಕೆ ಅಭ್ಯಾಸದ ಹೊತ್ತು ಗೊತ್ತುಮಾಡಬೇಕಿತ್ತು. ಚೆಂಡೆಯವರು ಮೇಳದ ಕಲಾವಿದರು. ತಿರುಗಾಟ ಶುರುವಾದರೆ ಇರುಳೆಲ್ಲ ಆಟ, ಹಗಲೆಲ್ಲ ನಿದ್ದೆ.

'ಆದಿತ್ಯವಾರ ಬೆಳಗ್ಗೆ ಹತ್ತಕ್ಕೆ ಆದೀತಾ?' ಎಂದು ಮಾಷ್ಟ್ರು ಕೇಳಿದರು.

'ಶನಿವಾರ ಆಟ ಕಾಞಂಗಾಡಿನ ಹತ್ತಿರ ಉಂಟು. ಮುಗಿಸಿ ಸೀದಾ ಇಲ್ಲಿಗೇ ಬರ್ತೇನೆ, ಹನ್ನೊಂದು ಮಾಡಿ' ಎಂದರು ಚೆಂಡೆಯವರು.

'ಹನ್ನೊಂದು. ಎಲ್ಲರೂ ಕೇಳಿದ್ರಲ್ಲ? ಟ್ಯೂಷನ್ ಇದ್ದವರು ಮನೆಯಲ್ಲಿ ಈಗಲೇ ಹೇಳಿ.'