ಕೊಯ್ನಾದ ಬಂಡೆಗೆ ಇಳಿದ ನೀರು

ಮುಂಗಾರು ಜೋರಾಯಿತೆಂದರೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದಿ ತೀರದ ಜನ ಪತ್ರಿಕೆಯಲ್ಲಿ ಮೊದಲು ನೋಡುವುದು ಕೊಯ್ನಾದಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟಿದ್ದಾರೆ ಎಂಬುದನ್ನು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಆ ಅಣೆಕಟ್ಟೆಯಿಂದ ಹೊರಟ ನೀರು ಕರಾಡದಲ್ಲಿ ಕೃಷ್ಣೆಯನ್ನು ಕೂಡಿ, ಚಿಕ್ಕೋಡಿ, ಅಥಣಿ ಸೀಮೆಯನ್ನು ಹಾದು ಆಲಮಟ್ಟಿಗೆ ಬರುತ್ತದೆ. ಹಾಗಾಗಿ ನಮಗೆ ಕೊಯ್ನಾ ಎಂದರೆ ನೆರೆಯ ಭಯ. ಮಹಾರಾಷ್ಟ್ರಕ್ಕೆ ಅದು ವಿದ್ಯುತ್ತಿನ ಆಧಾರ. ಜಲಾಶಯದ ಬಹುಪಾಲು ನೀರನ್ನು ಸಹ್ಯಾದ್ರಿಯ ಒಡಲಿನ ಸುರಂಗಗಳಲ್ಲಿ ಪಶ್ಚಿಮಕ್ಕೆ ಧುಮುಕಿಸಿ ವಿದ್ಯುತ್ ತೆಗೆಯುತ್ತಾರೆ. ಯೋಜನೆಯ ಒಟ್ಟು ಸಾಮರ್ಥ್ಯ ಸುಮಾರು 1,960 ಮೆಗಾವಾಟ್. ಭೂಕಂಪದ ಅಧ್ಯಯನ ಮಾಡುವವರಿಗೆ ಇದೇ ಕೊಯ್ನಾ ಜಗತ್ತಿನಲ್ಲೇ ಅತಿ ಮುಖ್ಯವಾದ ಸ್ಥಳಗಳಲ್ಲಿ ಒಂದು. ನೀರಾವರಿ, ಇಂಧನ, ವಿಪತ್ತು ನಿರ್ವಹಣೆ ಎಂದು ಸರ್ಕಾರದಲ್ಲಿ ಮೂರು ಬೇರೆ ಬೇರೆ ಖಾತೆಗಳಿವೆ. ನೆಲದ ಕೆಳಗೆ ಮಾತ್ರ ಇವೆಲ್ಲ ಒಂದೇ ನೀರಿನ, ಒಂದೇ ಬಂಡೆಯ ವ್ಯವಹಾರ. ಆ ವ್ಯವಹಾರವನ್ನು ದಶಕಗಳ ಕಾಲ ಬಿಡದೆ ಅಳೆಯುವ, ಅಳೆದದ್ದನ್ನು ಎಲ್ಲರ ಮುಂದಿಡುವ ಕೆಲಸವನ್ನು ಸಾರ್ವಜನಿಕ ಹಣದಿಂದಲೇ ಮಾಡಬೇಕು, ಅದನ್ನು ಬೇರಾರೂ ಮಾಡಲಾರರು ಎಂಬುದು ಈ ಲೇಖನದ ವಾದ. ಅದಕ್ಕೆ ಕೊಯ್ನಾಕ್ಕಿಂತ ಗಟ್ಟಿಯಾದ ಸಾಕ್ಷಿ ನಮ್ಮ ದೇಶದಲ್ಲಿಲ್ಲ.

103 ಮೀಟರ್ ಎತ್ತರದ ಈ ಅಣೆಕಟ್ಟೆಯಲ್ಲಿ ನೀರು ನಿಲ್ಲಿಸತೊಡಗಿದ್ದು 1960ರ ದಶಕದ ಆರಂಭದಲ್ಲಿ. ದಕ್ಷಿಣದ ಪ್ರಸ್ಥಭೂಮಿ ಅಲುಗದ ಗಟ್ಟಿ ನೆಲ ಎಂಬುದು ಆಗಿನ ಸಾಮಾನ್ಯ ನಂಬಿಕೆಯಾಗಿತ್ತು. ಅದೇ ನಂಬಿಕೆಯ ಮೇಲೆ, ಗುರುತ್ವದ ಶೇ 5ರಷ್ಟು ಅಲುಗಾಟವನ್ನು ತಾಳಿಕೊಂಡರೆ ಸಾಕೆಂಬ ಲೆಕ್ಕದಲ್ಲಿ ಕಟ್ಟೆಯ ವಿನ್ಯಾಸ ಮಾಡಿದ್ದರು. ನೀರು ತುಂಬುತ್ತಿದ್ದಂತೆ ಸುತ್ತಲ ಊರುಗಳಲ್ಲಿ ಸಣ್ಣ ಸಣ್ಣ ಕಂಪನಗಳು ಶುರುವಾದವು. 1967ರ ಡಿಸೆಂಬರ್ 11ರ ಬೆಳಗಿನ ಜಾವ, ಜನ ಇನ್ನೂ ಮಲಗಿದ್ದ ಹೊತ್ತಿನಲ್ಲಿ, 6.3 ತೀವ್ರತೆಯ ಭೂಕಂಪವಾಯಿತು. ಸುಮಾರು 200 ಜನ ಸತ್ತರು, ಕೊಯ್ನಾನಗರದ ಬಹುತೇಕ ಮನೆಗಳು ನೆಲಕಚ್ಚಿದವು, ಕಟ್ಟೆಯ ಎರಡೂ ಮುಖಗಳಲ್ಲಿ ಅಡ್ಡ ಬಿರುಕುಗಳು ಮೂಡಿದವು. ಕಟ್ಟೆಯೊಳಗಿನ ಮೊಗಸಾಲೆಯಲ್ಲಿ ಇಟ್ಟಿದ್ದ ಒಂದು ಉಪಕರಣ ಆ ಕೆಲವು ಕ್ಷಣಗಳ ಅಲುಗಾಟವನ್ನು ಬರೆದುಕೊಂಡಿತ್ತು. ಅದರ ಪ್ರಕಾರ ಅಲುಗಾಟ ಗುರುತ್ವದ ಶೇ 63ರವರೆಗೂ ಏರಿತ್ತು, ಅಂದರೆ ಲೆಕ್ಕ ಹಾಕಿದ್ದಕ್ಕಿಂತ ಹನ್ನೆರಡು ಪಟ್ಟಿಗೂ ಹೆಚ್ಚು. ಅಣೆಕಟ್ಟೆಗಳು ಭೂಕಂಪದಲ್ಲಿ ಹೇಗೆ ವರ್ತಿಸುತ್ತವೆ ಎಂದು ಲೆಕ್ಕ ಹಾಕುವ ಎಂಜಿನಿಯರುಗಳು ಇಂದಿಗೂ ಜಗತ್ತಿನಾದ್ಯಂತ ಆ ದಾಖಲೆಯನ್ನು ಬಳಸುತ್ತಾರೆ. ಅಲ್ಲಿ ಆ ಉಪಕರಣ ಇರದೇ ಹೋಗಿದ್ದರೆ ಬಿರುಕು ಬಿಟ್ಟ ಕಟ್ಟೆಯೊಂದು ಉಳಿಯುತ್ತಿತ್ತು, ಅದು ಏಕೆ ಬಿರುಕು ಬಿಟ್ಟಿತೆಂಬ ತಿಳಿವಳಿಕೆ ಉಳಿಯುತ್ತಿರಲಿಲ್ಲ.

ನಿಂತ ನೀರು ಭೂಮಿಯನ್ನು ಅಲುಗಿಸುವುದಾದರೂ ಹೇಗೆ? ಜಲಾಶಯದ ಭಾರ ನೆಲವನ್ನು ಒತ್ತುತ್ತದೆ ಎನ್ನುವುದು ಅರ್ಧ ಉತ್ತರ. ಭೂಮಿಯೊಳಗೆ ಹಳೆಯ ಸ್ತರಭಂಗಗಳಿರುತ್ತವೆ. ಎಂದೋ ಸೀಳಿಹೋದ ಬಂಡೆಯ ಎರಡು ಮೈಗಳು ಒಂದನ್ನೊಂದು ಬಿಗಿಯಾಗಿ ಒತ್ತಿಕೊಂಡು, ಜಾರಲಾರದೆ ಕೂತಿರುತ್ತವೆ. ಜಲಾಶಯದ ತಳದಿಂದ ಬಿರುಕುಗಳ ದಾರಿಯಲ್ಲಿ ನೀರಿನ ಒತ್ತಡ ಅಲ್ಲಿಯವರೆಗೂ ಇಳಿದಾಗ ಆ ಬಿಗಿ ಸಡಿಲವಾಗುತ್ತದೆ. ಬಿಸಿನೀರಿನಲ್ಲಿ ತೊಳೆದ ಲೋಟವನ್ನು ಅಡುಗೆಮನೆಯ ಒದ್ದೆ ಕಲ್ಲಿನ ಮೇಲೆ ಬೋರಲು ಹಾಕಿದರೆ ಅದು ತಾನಾಗಿಯೇ ಸರಿದುಹೋಗುವುದನ್ನು ಎಲ್ಲರೂ ನೋಡಿರುತ್ತೇವೆ. ಒಳಗೆ ಸಿಕ್ಕಿಕೊಂಡ ಗಾಳಿ ಕಾದು ಹಿಗ್ಗಿ ಲೋಟವನ್ನು ಕೆಳಗಿನಿಂದ ಎತ್ತಿಹಿಡಿಯುತ್ತದೆ, ಕಲ್ಲಿನ ಮೇಲೆ ಅದರ ಹಿಡಿತ ತಪ್ಪುತ್ತದೆ. ಸ್ತರಭಂಗದಲ್ಲಿ ನೀರಿನ ಒತ್ತಡ ಮಾಡುವುದೂ ಇದನ್ನೇ. ಬಂಡೆಯನ್ನು ತಳ್ಳುವ ಶಕ್ತಿ ಮೊದಲೇ ಭೂಮಿಯೊಳಗೆ ಕೂಡಿಕೊಂಡಿರುತ್ತದೆ, ನೀರು ಅದಕ್ಕೆ ಬಿಡುಗಡೆಯ ದಾರಿ ಮಾಡಿಕೊಡುತ್ತದೆ.

ಇಲ್ಲೇ ಮೊದಲ ಆಕ್ಷೇಪ ಏಳುತ್ತದೆ. ಶಕ್ತಿ ಮೊದಲೇ ಇದ್ದರೆ ಭೂಕಂಪ ಹೇಗೂ ಆಗುತ್ತಿತ್ತು, ಕಟ್ಟೆಯನ್ನು ಏಕೆ ದೂರಬೇಕು? 1967ರ ನಂತರ ಹಲವು ಭೂವಿಜ್ಞಾನಿಗಳು ಇದನ್ನೇ ಹೇಳಿದರು, ಆಗ ಅದು ತಳ್ಳಿಹಾಕುವ ಮಾತಾಗಿರಲಿಲ್ಲ. ಒಂದೇ ಒಂದು ಭೂಕಂಪದಿಂದ ಇದನ್ನು ಇತ್ಯರ್ಥ ಮಾಡಲು ಬರುವುದಿಲ್ಲ. ಇತ್ಯರ್ಥವಾದದ್ದು ವರ್ಷಾನುಗಟ್ಟಲೆ ಜಲಾಶಯದ ಮಟ್ಟವನ್ನೂ ಕಂಪನಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಹರ್ಷ ಗುಪ್ತ ಮತ್ತು ಸಂಗಡಿಗರು ಈ ಕೆಲಸಕ್ಕೆ ದಶಕಗಳನ್ನು ಕೊಟ್ಟರು. ಪ್ರತಿ ವರ್ಷ ಮಳೆಗಾಲದಲ್ಲಿ ಜಲಾಶಯ ತುಂಬಿದ ಮೇಲೆ ಕಂಪನಗಳು ಹೆಚ್ಚುತ್ತವೆ. ನೀರು ಇಳಿಯುವ ಬೇಸಿಗೆಯ ಮುಂಚಿನ ತಿಂಗಳುಗಳಲ್ಲಿ ಮತ್ತೊಮ್ಮೆ ಸಣ್ಣದಾಗಿ ಏರುತ್ತವೆ. ನೀರಿನ ಮಟ್ಟ ವಾರಕ್ಕೆ 12 ಮೀಟರಿಗಿಂತ ವೇಗವಾಗಿ ಏರಿದ, ಹಿಂದಿನ ಗರಿಷ್ಠವನ್ನು ಮೀರಿದ ವರ್ಷಗಳಲ್ಲಿ 5ರ ಮೇಲಿನ ಭೂಕಂಪಗಳ ಸಾಧ್ಯತೆ ಹೆಚ್ಚು ಎಂಬುದೂ ಆ ಹೋಲಿಕೆಯಿಂದಲೇ ಕಂಡುಬಂತು. 1985ರಲ್ಲಿ ದಕ್ಷಿಣಕ್ಕಿರುವ ವಾರಣಾ ಜಲಾಶಯದಲ್ಲಿ ನೀರು ನಿಲ್ಲಿಸಿದರು. ನಂತರದ ವರ್ಷಗಳಲ್ಲಿ ಕಂಪನಗಳ ತಾಣ ಆ ಕಡೆಗೂ ಹಬ್ಬಿತು, 1993–94ರಲ್ಲಿ ಅಲ್ಲಿಯೂ 5ರ ಮೇಲಿನ ಭೂಕಂಪಗಳಾದವು. ಸುಮಾರು 20 ಕಿಲೋಮೀಟರ್ ಅಗಲ, 30 ಕಿಲೋಮೀಟರ್ ಉದ್ದದ ಈ ಚಿಕ್ಕ ಪ್ರದೇಶದಲ್ಲಿ ಅಂಥ ಭೂಕಂಪಗಳು ಇಪ್ಪತ್ತಕ್ಕೂ ಹೆಚ್ಚು ಬಾರಿ ಆಗಿವೆ. ಮಳೆಗಾಲದ ಪಂಚಾಂಗವನ್ನು ಹಿಡಿದು ನಡೆಯುವ ಭೂಕಂಪಗಳನ್ನು ಬರಿಯ ಕಾಕತಾಳೀಯ ಎಂದು ಬಿಡುವುದು ಇನ್ನು ಸಾಧ್ಯವಿಲ್ಲ.

ಅತ್ತ ಅಮೆರಿಕದಲ್ಲೂ ಇದೇ ಪಾಠ ಬೇರೆ ದಾರಿಯಿಂದ ಬಂತು. ಕೊಲರಾಡೊ ರಾಜ್ಯದ ಡೆನ್ವರ್ ಬಳಿ ಸೇನೆಯ ರಾಸಾಯನಿಕ ಕಾರ್ಖಾನೆಯೊಂದು ತನ್ನ ತ್ಯಾಜ್ಯದ ನೀರನ್ನು 1962ರಿಂದ ಮೂರೂವರೆ ಕಿಲೋಮೀಟರಿಗೂ ಆಳದ ಬಾವಿಗೆ ತುಂಬತೊಡಗಿತು. ಕೆಲವೇ ವಾರಗಳಲ್ಲಿ ನೆಲ ಕಂಪಿಸತೊಡಗಿತು. 1966ರಲ್ಲಿ ತುಂಬುವುದನ್ನು ನಿಲ್ಲಿಸಿದರು, ಆದರೂ ಅಲ್ಲಿನ ಅತಿ ದೊಡ್ಡ ಕಂಪನಗಳಾದದ್ದು 1967ರಲ್ಲಿ. ಒಳಗೆ ಸೇರಿದ ಒತ್ತಡ ನಿಧಾನಕ್ಕೆ ಹರಡುತ್ತಲೇ ಇತ್ತು. ಊಹೆ ಸರಿಯೇ ಎಂದು ನೋಡಲು ಆ ದೇಶದ ಸರ್ಕಾರಿ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಅದೇ ರಾಜ್ಯದ ರೇಂಜ್ಲಿ ತೈಲಕ್ಷೇತ್ರದಲ್ಲಿ 1969ರಿಂದ 1973ರವರೆಗೆ ಒಂದು ಪ್ರಯೋಗ ಮಾಡಿತು. ಬಾವಿಗಳಲ್ಲಿ ನೀರಿನ ಒತ್ತಡ ಏರಿಸಿದರೆ ಕಂಪನಗಳು ಬಂದವು, ಇಳಿಸಿದರೆ ಕಡಿಮೆಯಾದವು. ಎಷ್ಟು ಒತ್ತಡಕ್ಕೆ ನೆಲ ಜಾರುತ್ತದೆ ಎಂದು ಬಂಡೆಯ ಗುಣಗಳಿಂದ ಲೆಕ್ಕ ಹಾಕಿದ್ದೂ ಕ್ಷೇತ್ರದಲ್ಲಿ ಕಂಡದ್ದೂ ತಾಳೆಯಾದವು. ಭೂವಿಜ್ಞಾನದಲ್ಲಿ ಇಷ್ಟು ನಿಚ್ಚಳವಾದ ಪ್ರಯೋಗಗಳು ಅಪರೂಪ. ಇದರಿಂದ ಲಾಭ ಪಡೆಯುವ ಕಂಪನಿಯೊಂದು ಇರಲಿಲ್ಲ, ಅದಕ್ಕೇ ಇದನ್ನು ಸರ್ಕಾರದ ಸಂಸ್ಥೆಯೇ ಮಾಡಬೇಕಾಯಿತು.

ಹೆಚ್ಚು ಕೇಳಿಬರುವ ಆಕ್ಷೇಪ ಇನ್ನೊಂದು. ಇಷ್ಟೆಲ್ಲ ವರ್ಷ ಅಳೆದರೂ ಮುಂದಿನ ಭೂಕಂಪ ಯಾವ ದಿನ, ಯಾವ ಹೊತ್ತಿಗೆ ಎಂದು ಹೇಳಲು ಬರುವುದಿಲ್ಲವಲ್ಲ, ಮತ್ತೇಕೆ ಈ ಖರ್ಚು? ದಿನ, ಹೊತ್ತು ಹೇಳಲು ಬರುವುದಿಲ್ಲ ಎಂಬುದು ನಿಜ. ಆದರೆ ಈ ಸಂಶೋಧನೆಯನ್ನು ಜ್ಯೋತಿಷ್ಯದ ಅಳತೆಗೋಲಿನಿಂದ ಅಳೆಯುವುದು ತಪ್ಪು. ಕೊಯ್ನಾ ಕಟ್ಟೆಗೆ ಆಸರೆಗೋಡೆ ಕೊಟ್ಟು ಬಲಪಡಿಸಿದ್ದು, ದೇಶದ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶವನ್ನು ಹೆಚ್ಚು ಅಪಾಯದ ವಲಯಕ್ಕೆ ಸೇರಿಸಿದ್ದು, ನೀರನ್ನು ಎಷ್ಟು ವೇಗದಲ್ಲಿ ಏರಿಸಬಹುದು ಎಂಬ ತಿಳಿವಳಿಕೆ ಬಂದದ್ದು ಎಲ್ಲವೂ ಅಳತೆಯ ಫಲ. ಅಲ್ಲದೆ ಅಳತೆ ಇನ್ನೂ ಮುಗಿದಿಲ್ಲ. ಕೇಂದ್ರ ಭೂ ವಿಜ್ಞಾನ ಸಚಿವಾಲಯ ಕರಾಡದಲ್ಲಿ ಇದಕ್ಕೆಂದೇ ಪ್ರಯೋಗಾಲಯವೊಂದನ್ನು ತೆರೆದಿದೆ. ಕಪ್ಪು ಬಸಾಲ್ಟ್ ಕಲ್ಲಿನ ಹೊದಿಕೆಯನ್ನು ಕೊರೆದು ಕೆಳಗಿಳಿದಾಗ ಒಂದು ಕಡೆ 932 ಮೀಟರಿಗೆ ಅದು ಮುಗಿಯಿತು. ಅದರ ಕೆಳಗೆ ಜಲಜ ಶಿಲೆಯ ಪದರ ಇರಬಹುದೆಂದು ಕೆಲವರು ಎಣಿಸಿದ್ದರು; ಸಿಕ್ಕಿದ್ದು ನೇರವಾಗಿ ಗ್ರಾನೈಟ್ ಮತ್ತು ನೈಸ್, ಕರ್ನಾಟಕದ ಬಯಲುಸೀಮೆಯಲ್ಲಿ ನೆಲದ ಮೇಲೆಯೇ ಕಾಣುವಂಥ ಬಂಡೆ. ಅಂಥ ಬಾವಿಗಳ ಆಳದಲ್ಲಿ ಕಂಪನಮಾಪಕಗಳನ್ನು ಇಳಿಸಿದ್ದಾರೆ. ಮೇಲಿನ ಗಾಳಿ, ಮಳೆ, ವಾಹನಗಳ ಗದ್ದಲ ಅಲ್ಲಿಗೆ ಅಷ್ಟಾಗಿ ತಲುಪುವುದಿಲ್ಲವಾದ್ದರಿಂದ ಜನರಿಗೆ ಗೊತ್ತೇ ಆಗದ ಅತಿ ಸಣ್ಣ ಕಂಪನಗಳೂ ದಾಖಲಾಗುತ್ತವೆ, ಯಾವ ಜಾಗದಲ್ಲಿ ಬಂಡೆ ಜಾರಿತು ಎಂಬುದು ಹಿಂದಿಗಿಂತ ನಿಖರವಾಗಿ ತಿಳಿಯುತ್ತದೆ. 2017ರಲ್ಲಿ ಗೋಥಣೆ ಎಂಬಲ್ಲಿ 3 ಕಿಲೋಮೀಟರ್ ಆಳದ ಪ್ರಾಯೋಗಿಕ ಬಾವಿ ಪೂರ್ಣಗೊಂಡಿತು. ಇಲ್ಲಿನ ಭೂಕಂಪಗಳು ಹುಟ್ಟುವುದು ಬಹುತೇಕ 10 ಕಿಲೋಮೀಟರಿನೊಳಗೆ. ಮನುಷ್ಯನ ಕೈಗೆ ಎಟುಕುವ ಆಳದಲ್ಲಿ ಭೂಕಂಪ ಹುಟ್ಟುವ ಜಾಗ ಜಗತ್ತಿನಲ್ಲಿ ಹೆಚ್ಚಿಲ್ಲ.

ಯಾರು ಜಲಾಶಯ ಕಟ್ಟುತ್ತಾರೋ, ಬಾವಿ ಕೊರೆಯುತ್ತಾರೋ ಅವರೇ ಅಳೆದುಕೊಳ್ಳಲಿ, ಸಾರ್ವಜನಿಕರ ತೆರಿಗೆ ಹಣ ಏಕೆ ಎನ್ನುವವರೂ ಇದ್ದಾರೆ. ಅವರಿಗೆ ಅಮೆರಿಕದ ಓಕ್ಲಹೋಮಾ ರಾಜ್ಯದ ಅಂಕಿಗಳನ್ನು ತೋರಿಸಬೇಕು. ಅಲ್ಲಿ 3ರ ಮೇಲಿನ ಭೂಕಂಪಗಳು 2008ರವರೆಗೆ ವರ್ಷಕ್ಕೆ ಸರಾಸರಿ ಒಂದೋ ಎರಡೋ ಆಗುತ್ತಿದ್ದವು. ತೈಲ ಮತ್ತು ಅನಿಲದ ಜೊತೆ ಮೇಲೆ ಬರುವ ಉಪ್ಪುನೀರನ್ನು ಆಳದ ಬಾವಿಗಳಿಗೆ ತುಂಬುವುದು ಹೆಚ್ಚಿದಂತೆ, 2015ರಲ್ಲಿ ಅವು 900ರ ಆಸುಪಾಸಿಗೆ ಏರಿದವು. 2016ರ ಸೆಪ್ಟೆಂಬರಿನಲ್ಲಿ ಪಾನಿ ಎಂಬ ಊರಿನ ಬಳಿ 5.8ರ ಭೂಕಂಪವಾಯಿತು. ತೈಲ ಆ ರಾಜ್ಯದ ಜೀವಾಳ. ರಾಜ್ಯದ ಸ್ವಂತ ಭೂಗರ್ಭ ಸಂಸ್ಥೆ ಬಹುಪಾಲು ಕಂಪನಗಳಿಗೆ ಈ ನೀರೇ ಕಾರಣವಿರಬೇಕು ಎಂದು ಬಿಚ್ಚಿ ಹೇಳಲು 2015ರ ಏಪ್ರಿಲ್‌ವರೆಗೂ ಕಾಯಬೇಕಾಯಿತು. ಈ ವಿಳಂಬವನ್ನು ನಾನು ಮುಚ್ಚಿಡುವುದಿಲ್ಲ, ಏಕೆಂದರೆ ಇದು ನನ್ನ ವಾದಕ್ಕೂ ಒಂದು ಎಚ್ಚರಿಕೆ. ಸಂಸ್ಥೆ ಸರ್ಕಾರದ್ದಾದರೆ ಸಾಲದು. ಯಾವ ಉದ್ಯಮದ ಮೇಲೆ ಅದರ ಕಣ್ಣಿರಬೇಕೋ ಆ ಉದ್ಯಮದ ಮುಲಾಜು ಅದಕ್ಕಿರಬಾರದು. ಕಂಪನದ ದಾಖಲೆಗಳು ಯಾರು ಬೇಕಾದರೂ ನೋಡುವಂತೆ ಬಹಿರಂಗವಾಗಿದ್ದುದರಿಂದ ಬೇರೆಡೆಯ ವಿಜ್ಞಾನಿಗಳು ಅವನ್ನು ಪರಿಶೀಲಿಸಿದರು, ಸಂಬಂಧ ಬಯಲಾಯಿತು, ನಿಯಂತ್ರಣ ಬಂತು, ಕಂಪನಗಳು ಇಳಿದವು. ದಕ್ಷಿಣ ಕೊರಿಯದ ಪೊಹಾಂಗ್‌ನಲ್ಲಿ 2017ರ ನವೆಂಬರಿನಲ್ಲಿ ಆದ 5.5ರ ಭೂಕಂಪವನ್ನು ಭೂಶಾಖ ವಿದ್ಯುತ್ ಯೋಜನೆಯ ನೀರು ತುಂಬುವಿಕೆಯೇ ಕೆರಳಿಸಿತೆಂದು ಸರ್ಕಾರ ನೇಮಿಸಿದ ತಜ್ಞರ ತಂಡ 2019ರಲ್ಲಿ ಹೇಳಿತು. ಹೊಗೆಯಿಲ್ಲದ ಶುದ್ಧ ಇಂಧನಕ್ಕೂ ಈ ಅಳತೆಯಿಂದ ವಿನಾಯಿತಿ ಇಲ್ಲ.

ಜನರಿಗೆ ಇದನ್ನೆಲ್ಲ ಹೇಳಿದರೆ ಗಾಬರಿಯಾಗುತ್ತದೆ ಎಂದು ಅಧಿಕಾರಿಗಳು ಹಿಂಜರಿಯುವುದುಂಟು. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದರ ಹಿಂದೊಂದು ಸಣ್ಣ ಕಂಪನಗಳಾದವು. ಕೆಳಗಿನಿಂದ ಸದ್ದು ಕೇಳಿದಾಗಲೆಲ್ಲ ಜನ ಮನೆ ಬಿಟ್ಟು ಬಯಲಿಗೆ ಬಂದರು, ಎಷ್ಟೋ ಕುಟುಂಬಗಳು ಊರು ಬಿಟ್ಟವು. ಜೋರು ಮಳೆಯ ನೀರು ಬಿರುಕುಗಳಲ್ಲಿ ಇಳಿದು ಇಂಥ ಕಂಪನಗಳಾಗುತ್ತವೆ ಎಂಬ ವಿವರಣೆ ಬಂದದ್ದು ಭಯ ಹುಟ್ಟಿದ ಮೇಲೆ. ಆ ಸೀಮೆಯವರ ಭಯಕ್ಕೆ ಕಾರಣವೂ ಇದೆ. ಅಲ್ಲಿಂದ ಬಹಳ ದೂರವಿಲ್ಲದ, ಮಹಾರಾಷ್ಟ್ರದ ಕಿಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಭೂಕಂಪದಲ್ಲಿ ಸುಮಾರು 10,000 ಜನ ಮಣ್ಣುಕಲ್ಲಿನ ಗೋಡೆಗಳಡಿ ಸತ್ತಿದ್ದರು. ಅಲ್ಲಿಯೂ ಹಿಂದಿನ ವರ್ಷ ಸಣ್ಣ ಕಂಪನಗಳಾಗಿದ್ದವು, ಅವನ್ನು ಹಿಡಿದಿಡಲು ಸುತ್ತಮುತ್ತ ಸಾಕಷ್ಟು ಉಪಕರಣಗಳಿರಲಿಲ್ಲ. ಗಡಿಕೇಶ್ವಾರದ ಸದ್ದು ಕಿಲಾರಿಯ ಮುನ್ಸೂಚನೆಯಂಥದ್ದೋ ಅಲ್ಲವೋ ಎಂದು ಊರವರಿಗೆ ಧೈರ್ಯವಾಗಿ ಹೇಳಬೇಕಾದರೆ, ಹೇಳುವವರ ಕೈಯಲ್ಲಿ ಆ ನೆಲದ ಹತ್ತಾರು ವರ್ಷಗಳ ದಾಖಲೆ ಇರಬೇಕು. ಕಂಪನ ಶುರುವಾದ ಮೇಲೆ ಉಪಕರಣ ಹೊತ್ತುಕೊಂಡು ಹೋದರೆ ಅದಕ್ಕೆ ಮುಂಚಿನ ದಾಖಲೆ ಯಾರಿಗೂ ಸಿಗುವುದಿಲ್ಲ.

ಕೊನೆಯದಾಗಿ, ಸಾವಿರಾರು ಅಣೆಕಟ್ಟೆಗಳಲ್ಲಿ ಎಲ್ಲೋ ಕೆಲವು ಮಾತ್ರ ಹೀಗೆ ವರ್ತಿಸುತ್ತವೆ ಎಂಬ ಮಾತು. ಖಂಡಿತ ನಿಜ. ನಮ್ಮ ಕೃಷ್ಣರಾಜಸಾಗರವಾಗಲಿ ತುಂಗಭದ್ರೆಯಾಗಲಿ ಕೊಯ್ನಾದಂಥ ಸರಣಿ ಕಂಪನಗಳನ್ನು ಕಂಡಿಲ್ಲ, ಇವುಗಳ ಬಗ್ಗೆ ಭಯ ಹುಟ್ಟಿಸುವುದು ಬೇಜವಾಬ್ದಾರಿ. ಆದರೆ ಯಾವ ನೆಲ ಹಾಗೆ ವರ್ತಿಸೀತು ಎಂದು ಮೇಲಿನಿಂದ ನೋಡಿ ಹೇಳುವ ವಿದ್ಯೆ ಇನ್ನೂ ಪೂರ್ತಿ ಬಂದಿಲ್ಲ, ಕೊಯ್ನಾವನ್ನೂ ಒಂದು ಕಾಲಕ್ಕೆ ಗಟ್ಟಿ ನೆಲವೆಂದೇ ನಂಬಿದ್ದರು. ಈಗ ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸುವ 2,000 ಮೆಗಾವಾಟ್ ಯೋಜನೆಯ ಮಾತು ನಡೆದಿದೆ. ದಖ್ಖನ್ನಿನ ಬಸಾಲ್ಟ್ ಪದರಗಳಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಡಬಹುದೇ ಎಂಬ ಚರ್ಚೆಯೂ ಇದೆ. ಇವುಗಳಿಂದ ಭೂಕಂಪವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಶರಾವತಿಯ ಕಾಡಿನ ಪ್ರಶ್ನೆ ಬೇರೆಯೇ ಇದೆ, ಅದರ ಚರ್ಚೆಯೂ ಬೇರೆಯಾಗಿ ಆಗಬೇಕು. ನಾನು ಕೇಳುವುದು ಇಷ್ಟು: ಸುರಂಗ ಕೊರೆಯುವ ಯಂತ್ರ, ಅನಿಲ ತುಂಬುವ ಪಂಪು ಅಲ್ಲಿಗೆ ಬರುವ ಐದಾರು ವರ್ಷ ಮೊದಲೇ ಕಂಪನಮಾಪಕಗಳು ಬರಬೇಕು. ಯೋಜನೆ ನಡೆಸುವ ನಿಗಮದ ಕೈಯಲ್ಲಿ ಅವು ಇರಬಾರದು. ಜಲಾಶಯದ ಮಟ್ಟ ಮತ್ತು ಕಂಪನಗಳ ದಾಖಲೆ ಒಟ್ಟಿಗೆ, ದಿನದ ದಿನವೇ, ಆ ಕಣಿವೆಯ ಜನ ಓದುವ ಕನ್ನಡದಲ್ಲಿ ಪ್ರಕಟವಾಗಬೇಕು, ಕ್ಯೂಸೆಕ್ಕಿನ ಲೆಕ್ಕ ಇಂದು ಪತ್ರಿಕೆಯಲ್ಲಿ ಬರುವಷ್ಟೇ ತಪ್ಪದೆ.